ಕಡತಕ್ಕಿಂತ ಮೊದಲು ಪ್ರಶ್ನೆ: ಕಾಡಿನ ತೀರ್ಮಾನಕ್ಕೆ ವಿಜ್ಞಾನದ ಮಾಹಿತಿ ಹುಡುಕುವುದು, ಬಳಸುವುದು

ಕಾಡು ಮುಚ್ಚುವ ಪೊದೆಗಿಡ ಲಂಟಾನ ಎಲ್ಲಿ ಕೀಳಿಸಬೇಕು, ಬೆಂಕಿ ಹಬ್ಬದಂತೆ ಸವರಿಡುವ ಬೆಂಕಿ ರೇಖೆ ಎಷ್ಟು ಅಗಲ ಇರಬೇಕು, ನೆಡುತೋಪಿಗೆ ಯಾವ ಸಸಿ, ಆನೆಗೆ ಕಂದಕವೋ ರೈಲು ಹಳಿಯ ಬೇಲಿಯೋ. ಅರಣ್ಯ ವಿಭಾಗವೊಂದರಲ್ಲಿ ವರ್ಷಕ್ಕೆ ಇಂಥ ಹತ್ತಾರು ತೀರ್ಮಾನ ಆಗುತ್ತವೆ. ಇವುಗಳಲ್ಲಿ ಬಹುಪಾಲಿನ ಮೇಲೆ ಯಾರೋ ಎಲ್ಲೋ ಅಧ್ಯಯನ ಮಾಡಿರುತ್ತಾರೆ. ಹಾಗಿದ್ದೂ ಕಡತದಲ್ಲಿ ಕಾಣುವುದು 'ವೈಜ್ಞಾನಿಕವಾಗಿ ಸಾಬೀತಾಗಿದೆ' ಎಂಬ ಒಂದೇ ಸಾಲು. ಯಾವ ಅಧ್ಯಯನ, ಯಾವ ಕಾಡು, ಎಷ್ಟು ವರ್ಷ ಎಂದು ಕೇಳಿದರೆ ಟಿಪ್ಪಣಿ ಬರೆದವರಿಗೇ ಗೊತ್ತಿರುವುದಿಲ್ಲ. ಇದಕ್ಕೆ ದೊಡ್ಡ ಕಾರಣ ಮಾಹಿತಿಯ ಬರವಲ್ಲ. ತೀರ್ಮಾನ ಮೊದಲು ಆಗಿಬಿಡುತ್ತದೆ, ಅದಕ್ಕೆ ಹೊಂದುವ ಪ್ರಬಂಧವನ್ನು ಆಮೇಲೆ ಹುಡುಕಲಾಗುತ್ತದೆ.

ಈ ಬರಹ ವಲಯ ಅರಣ್ಯಾಧಿಕಾರಿಗಳಿಗೆ (ಆರ್‌ಎಫ್‌ಒ), ಸಹಾಯಕ ಮತ್ತು ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ (ಎಸಿಎಫ್, ಡಿಸಿಎಫ್), ಅರಣ್ಯ ವಿಭಾಗದ ಹಲವು ವರ್ಷಗಳ ಕಾರ್ಯಯೋಜನೆ ಬರೆಯುವವರಿಗೆ, ಅವರಿಗೆ ವರದಿ ಕೊಡುವ ಸಂಶೋಧಕರಿಗೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಚಾಮರಾಜನಗರ ಕಡೆಯ ಒಣ ಎಲೆಯುದುರುವ ಕಾಡಿನಲ್ಲಿ 50 ಹೆಕ್ಟೇರ್ ಲಂಟಾನ ತೆಗೆಸಬೇಕಾಗಿದೆ.

ಪ್ರಶ್ನೆ ಕಟ್ಟುವುದು

'ಲಂಟಾನ ನಿರ್ವಹಣೆ' ಎನ್ನುವುದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಅದನ್ನು ಹಿಡಿದು ಹುಡುಕಿದರೆ ಸಾವಿರಾರು ಪ್ರಬಂಧ ಬೀಳುತ್ತವೆ, ಒಂದೂ ಕೆಲಸಕ್ಕೆ ಬರುವುದಿಲ್ಲ. ಪ್ರಶ್ನೆಯಲ್ಲಿ ಐದು ಸಂಗತಿ ಇರಲಿ: ಎಂಥ ಕಾಡು, ಏನು ಮಾಡುತ್ತೇವೆ, ಏನೂ ಮಾಡದಿದ್ದರೆ ಅಥವಾ ಬೇರೆ ವಿಧಾನ ಹಿಡಿದರೆ ಏನಾಗುತ್ತದೆ, ಯಾವುದನ್ನು ಅಳೆಯುತ್ತೇವೆ, ಎಷ್ಟು ಕಾಲದಲ್ಲಿ. ನಮ್ಮ ಉದಾಹರಣೆಗೆ ಅದು ಹೀಗಾಗುತ್ತದೆ: 'ಒಣ ಎಲೆಯುದುರುವ ಕಾಡಿನಲ್ಲಿ ಲಂಟಾನವನ್ನು ಬುಡದ ಬೇರಿನ ಸಮೇತ ಕಿತ್ತರೆ, ಮಚ್ಚಿನಲ್ಲಿ ಸವರಿ ಬಿಡುವುದಕ್ಕಿಂತ, ಮೂರನೇ ವರ್ಷದ ಹೊತ್ತಿಗೆ ಹುಲ್ಲು ಮತ್ತು ಮರದ ಸಸಿ ಹೆಚ್ಚು ಬರುತ್ತವೆಯೇ?'

ಇದನ್ನು ಬರೆದ ಮೇಲೆ ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಯಾವ ಉತ್ತರ ಬಂದರೆ ನಾವು ಯೋಜನೆ ಬದಲಿಸುತ್ತೇವೆ? ಯಾವ ಉತ್ತರ ಬಂದರೂ ಬದಲಿಸುವುದಿಲ್ಲ ಎಂದಾದರೆ ಹುಡುಕುವ ಶ್ರಮವೇ ಬೇಡ. ಕಾಮಗಾರಿ ನಡೆಸಿ, ಆದರೆ ಅದಕ್ಕೆ ವಿಜ್ಞಾನದ ಹೆಸರು ಅಂಟಿಸಬೇಡಿ.

ಹೊತ್ತಿನ ಲೆಕ್ಕವೂ ಮುಖ್ಯ. ವಾರ್ಷಿಕ ಕ್ರಿಯಾ ಯೋಜನೆ, ಎಂದರೆ ಎಪಿಒ, ಮೇಲಕ್ಕೆ ಹೋದ ಮೇಲೆ ಬಂದ ಒಳ್ಳೆಯ ಪ್ರಬಂಧ ಮುಂದಿನ ವರ್ಷದವರೆಗೆ ಕಪಾಟಿನಲ್ಲೇ ಇರಬೇಕಾಗುತ್ತದೆ. ಬೆಂಕಿಯ ಕಾಲ ಶುರುವಾದರೆ ಯಾರಿಗೂ ಓದಲು ಪುರುಸೊತ್ತಿರುವುದಿಲ್ಲ. ಮಳೆಗಾಲದಲ್ಲೇ ಪ್ರಶ್ನೆ ಸಿದ್ಧ ಮಾಡಿಕೊಂಡರೆ ಹುಡುಕಲು, ಕೇಳಲು, ಜಾಗ ನೋಡಲು ನಾಲ್ಕೈದು ತಿಂಗಳು ಸಿಗುತ್ತದೆ.

ಮೊದಲು ಸ್ವಂತ ಕಪಾಟು

ಗೂಗಲ್ ತೆರೆಯುವ ಮೊದಲು ಕಚೇರಿಯ ಬೀರು ತೆರೆಯಿರಿ. ಹಳೆಯ ಕಾರ್ಯಯೋಜನೆಗಳು, ಕಾಡಿನ ಒಂದೊಂದು ತುಂಡಿನ ದಾಖಲೆಯಾದ ಕಂಪಾರ್ಟ್‌ಮೆಂಟ್ ಇತಿಹಾಸ, ನೆಡುತೋಪಿನ ಪ್ಲಾಂಟೇಶನ್ ಜರ್ನಲ್, ಬೆಂಕಿ ರಿಜಿಸ್ಟರ್ ಅಲ್ಲಿರುತ್ತವೆ. ಎಂಟು ವರ್ಷದ ಹಿಂದೆ ಅದೇ ಬ್ಲಾಕಿನಲ್ಲಿ ಲಂಟಾನ ಕೀಳಿಸಿದ್ದರೆ, ಈಗ ಅಲ್ಲಿ ನಿಂತು ನೋಡುವುದಕ್ಕಿಂತ ಒಳ್ಳೆಯ ಸಾಕ್ಷ್ಯ ಯಾವ ಪತ್ರಿಕೆಯಲ್ಲೂ ಸಿಗದು. ಇಲಾಖೆಯ ಸಂಶೋಧನಾ ವಿಭಾಗ ಅಳೆಯಲೆಂದು ಗುರುತಿಸಿಟ್ಟ ನೆಲದ ತುಂಡುಗಳ, ಎಂದರೆ ಪ್ಲಾಟ್‌ಗಳ, ಅಳತೆಯನ್ನೂ ಕೇಳಿ ತರಿಸಿ. ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಕೆಲಸ ಮಾಡಲು ಅನುಮತಿ ಪಡೆದ ಸಂಶೋಧಕರು ಇಲಾಖೆಗೆ ಒಪ್ಪಿಸಿದ ವರದಿಗಳು ವನ್ಯಜೀವಿ ಶಾಖೆಯ ಕಡತದಲ್ಲಿ ಇರುತ್ತವೆ. ಎಷ್ಟೋ ವರದಿಗಳ ಲಕೋಟೆಯನ್ನೇ ಯಾರೂ ಬಿಚ್ಚಿರುವುದಿಲ್ಲ.

ಆಮೇಲೆ ಸಂಸ್ಥೆಗಳು. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇವೆ. ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ಪಶ್ಚಿಮ ಘಟ್ಟದ ಸಸ್ಯವರ್ಗದ ನಕ್ಷೆ ಬೇಕಿದ್ದರೆ ಪುದುಚೇರಿಯ ಫ್ರೆಂಚ್ ಸಂಸ್ಥೆ ಮಾಡಿದ ಹಾಳೆಗಳು ಇಂದಿಗೂ ಉಪಯುಕ್ತ. ಮಳೆಯ ಅಂಕಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಉಪಗ್ರಹ ಚಿತ್ರಕ್ಕೆ ರಾಜ್ಯ ದೂರಸಂವೇದಿ ಕೇಂದ್ರ.

ಮೂರನೆಯದು ಜಾಲತಾಣದ ಹುಡುಕಾಟ. ಗೂಗಲ್ ಸ್ಕಾಲರ್‌ನಲ್ಲಿ ಇಂಗ್ಲಿಷ್ ಹೆಸರುಗಳನ್ನೇ ಹಾಕಬೇಕಾಗುತ್ತದೆ. ಎಡವುವುದು ಹೆಸರುಗಳಲ್ಲಿ. ಬಿಳಿಗಿರಿರಂಗನ ಬೆಟ್ಟವನ್ನು ಒಬ್ಬರು 'ಬಿಳಿಗಿರಿ ರಂಗನ್' ಎಂದು ಬರೆದರೆ ಇನ್ನೊಬ್ಬರು 'ಬಿಆರ್‌ಟಿ' ಎನ್ನುತ್ತಾರೆ. ಹಳೆಯ ಪ್ರಬಂಧಗಳಲ್ಲಿ ರಾಜ್ಯದ ಹೆಸರು 'ಮೈಸೂರು'. ಮರಗಳ ವೈಜ್ಞಾನಿಕ ಹೆಸರುಗಳೂ ಬದಲಾಗಿವೆ. ನೆಲ್ಲಿ ಹಿಂದೆ ಎಂಬ್ಲಿಕಾ ಅಫಿಸಿನಾಲಿಸ್, ಈಗ ಫಿಲಾಂಥಸ್ ಎಂಬ್ಲಿಕಾ. ಮತ್ತಿ ಟರ್ಮಿನೇಲಿಯಾ ಟೊಮೆಂಟೋಸಾ ಆಗಿತ್ತು, ಆಮೇಲೆ ಟರ್ಮಿನೇಲಿಯಾ ಎಲಿಪ್ಟಿಕಾ. ಈಚೆಗೆ ಕಾಡು ನುಂಗುತ್ತಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಹಳೆಯ ಬರಹಗಳಲ್ಲಿ ಕ್ಯಾಸಿಯಾ. ಎರಡೂ ಹೆಸರು ಹಾಕಿ ನೋಡದಿದ್ದರೆ ಅರ್ಧ ಸಾಹಿತ್ಯ ತಪ್ಪಿಹೋಗುತ್ತದೆ.

ಒಂದು ಒಳ್ಳೆಯ ಪ್ರಬಂಧ ಸಿಕ್ಕಿತೆಂದರೆ ಅದರ ಕೆಳಗಿನ 'ಸೈಟೆಡ್ ಬೈ' ಒತ್ತಿ. ಆಮೇಲಿನ ವರ್ಷಗಳಲ್ಲಿ ಅದನ್ನು ಯಾರು ಒಪ್ಪಿದರು, ಯಾರು ತಿದ್ದಿದರು ಎಂದು ಗೊತ್ತಾಗುತ್ತದೆ. ಹಣ ಕೇಳುವ ಪುಟ ಬಂದರೆ 'ಆಲ್ ವರ್ಶನ್ಸ್' ಒತ್ತಿ ನೋಡಿ, ಇಲ್ಲವಾದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಹಾಕಿ. ಸಾಮಾನ್ಯವಾಗಿ ಕಳಿಸುತ್ತಾರೆ, ಅರಣ್ಯ ಇಲಾಖೆಯವರು ಕೇಳಿದರೆ ಖುಷಿಯಿಂದಲೇ ಕಳಿಸುತ್ತಾರೆ. 2025ರ ಜನವರಿಯಲ್ಲಿ ಶುರುವಾದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ದುಬಾರಿ ಪತ್ರಿಕೆಗಳು ಸಿಗುತ್ತಿವೆ, ಹತ್ತಿರದ ಕಾಲೇಜಿನ ಗ್ರಂಥಪಾಲಕರ ಪರಿಚಯ ಇಟ್ಟುಕೊಳ್ಳಿ. ಕರೆಂಟ್ ಸೈನ್ಸ್, ಕನ್ಸರ್ವೇಶನ್ ಅಂಡ್ ಸೊಸೈಟಿ, ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ ಉಚಿತವಾಗಿ ಓದಲು ಸಿಗುತ್ತವೆ. ಎಐ ಚಾಟ್‌ಬಾಟ್ ಕೊಟ್ಟ ಪ್ರಬಂಧದ ಹೆಸರನ್ನು ಮಾತ್ರ ನೇರವಾಗಿ ಕಡತಕ್ಕೆ ಹಾಕಬೇಡಿ. ಇಲ್ಲದ ಪ್ರಬಂಧವನ್ನು ಇದ್ದಂತೆ ತೋರಿಸುವುದು ಅದಕ್ಕೆ ಸಲೀಸು. ಪ್ರತಿ ಪ್ರಬಂಧಕ್ಕೂ ಇರುವ ಗುರುತಿನ ಸಂಖ್ಯೆ ಡಿಒಐ ಹಾಕಿ ಮೂಲ ಪುಟ ತೆರೆದ ಮೇಲೆಯೇ ನಂಬಿ.

ಸಾರಾಂಶ ಕೊನೆಗೆ ಓದಿ

ಪ್ರಬಂಧವನ್ನು ಹಿಂದುಮುಂದಾಗಿ ಓದುವುದು ಒಳ್ಳೆಯದು. ಮೊದಲು ಅಧ್ಯಯನ ನಡೆದ ಜಾಗ, ಆಮೇಲೆ ವಿಧಾನ, ಆಮೇಲೆ ಕೋಷ್ಟಕಗಳು, ಸಾರಾಂಶ ಕೊನೆಗೆ. ಸಾರಾಂಶದಲ್ಲಿ ಜಾಗದ ಷರತ್ತುಗಳು ಉದುರಿಹೋಗಿರುತ್ತವೆ, ತೀರ್ಮಾನ ಕೈಕೊಡುವುದು ಆ ಷರತ್ತುಗಳಲ್ಲಿ.

ಇದಕ್ಕೆ ನಮ್ಮಲ್ಲೇ ಒಂದು ಪಾಠವಿದೆ. ನೀಲಗಿರಿ ನೀರು ಕುಡಿಯುತ್ತದೆಯೇ ಎಂಬ ಜಗಳ ಜೋರಾಗಿದ್ದ ಕಾಲದಲ್ಲಿ ಬ್ರಿಟಿಷ್ ಜಲವಿಜ್ಞಾನಿ ಇಯಾನ್ ಕ್ಯಾಲ್ಡರ್ ಮತ್ತು ಕರ್ನಾಟಕ ಅರಣ್ಯ ಇಲಾಖೆಯವರು ಸೇರಿ ಶಿವಮೊಗ್ಗ ಕಡೆಯ ದೇವಬಾಳ, ಪುರದಾಳ ಮತ್ತು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಅಳೆದರು. ಸುಮಾರು 3 ಮೀಟರ್ ಆಳದ ಮಣ್ಣಿರುವ ಕಡೆ ನೀಲಗಿರಿ ಬಳಸಿದ ನೀರು ಅಲ್ಲಿನ ಸಹಜ ಎಲೆಯುದುರುವ ಕಾಡು ಬಳಸಿದಷ್ಟೇ ಇತ್ತು, ಎರಡೂ ಹೆಚ್ಚುಕಡಿಮೆ ಬಿದ್ದ ಮಳೆಯಷ್ಟು. ಆದರೆ ರಾಗಿಯ ಹೊಲಕ್ಕೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಹೊಸಕೋಟೆಯಲ್ಲಿ ಮಣ್ಣು 8 ಮೀಟರಿಗೂ ಆಳ. ಅಲ್ಲಿ ಮೂರು ವರ್ಷದಲ್ಲಿ ಬಿದ್ದ ಮಳೆ ಸುಮಾರು 2100 ಮಿಲಿಮೀಟರ್, ನೀಲಗಿರಿ ಬಳಸಿದ್ದು ಸುಮಾರು 3400. ಬೇರು ಆಳಕ್ಕಿಳಿದು ಮಣ್ಣಿನಲ್ಲಿ ಮೊದಲೇ ಕೂಡಿದ್ದ ನೀರನ್ನೂ ಎಳೆದಿತ್ತು.

ಒಂದೇ ಸರಣಿಯ ಅಧ್ಯಯನ, ಮೂರು ಉತ್ತರ. 'ಕಾಡಿಗಿಂತ ಹೆಚ್ಚೇನಲ್ಲ' ಎನ್ನುವವರಿಗೂ 'ಮಳೆಗಿಂತ ಹೆಚ್ಚು' ಎನ್ನುವವರಿಗೂ ಅದರಲ್ಲಿ ಸಾಲು ಸಿಗುತ್ತದೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾವುದಕ್ಕೆ ಹೋಲಿಸಿದರು, ಮಣ್ಣು ಎಷ್ಟು ಆಳ ಎಂಬ ಎರಡು ಸಂಗತಿ ಬಿಟ್ಟರೆ ಉಲ್ಲೇಖಕ್ಕೆ ಬೆಲೆಯಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ನಿಜ. ಆದರೆ ಈಗಿರುವ ನೆಡುತೋಪಿನಲ್ಲಿ ಯಾವುದನ್ನು ಮೊದಲು ತೆಗೆಯಬೇಕು ಎಂಬ ಪ್ರಶ್ನೆಗೆ ಇದೇ ಅಧ್ಯಯನ ಇಂದಿಗೂ ದಾರಿ ತೋರಿಸುತ್ತದೆ: ಆಳದ ಮಣ್ಣಿನವು ಮೊದಲು.

ಓದುವಾಗ ಪಕ್ಕದಲ್ಲಿ ಒಂದು ಚೀಟಿ ಇರಲಿ. ಎಲ್ಲಿ, ಯಾವ ವರ್ಷ, ಮಳೆ ಎಷ್ಟು, ಎಷ್ಟು ಪ್ಲಾಟ್, ಯಾವುದಕ್ಕೆ ಹೋಲಿಕೆ, ಎಷ್ಟು ಕಾಲ ನೋಡಿದರು, ಹಣ ಯಾರದು. ಏಳೂ ತುಂಬದಿದ್ದರೆ ಆ ಪ್ರಬಂಧದಿಂದ ಅಂಕಿ ಎತ್ತಬೇಡಿ.

ಯಾವ ಭಾಗ ಪಯಣಿಸುತ್ತದೆ

ಲಂಟಾನಕ್ಕೆ ಬರೋಣ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ತಂಡ ಉತ್ತರಾಖಂಡದ ಕಾರ್ಬೆಟ್‌ ಹುಲಿ ಸಂರಕ್ಷಿತ ಪ್ರದೇಶದಲ್ಲಿ ರೂಪಿಸಿದ 'ಕಟ್ ರೂಟ್‌ಸ್ಟಾಕ್' ವಿಧಾನ ಹೀಗಿದೆ: ಪೊದೆಯ ಬುಡದಲ್ಲಿ ಗುದ್ದಲಿ ಹಾಕಿ, ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಬೇಕು, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು. ಬುಡ ಮೇಲಾದ್ದರಿಂದ ಮತ್ತೆ ಬೇರೂರುವುದಿಲ್ಲ. ಇದನ್ನು ಹಣ್ಣು ಬಿಡುವ ಮೊದಲು ಮಾಡಬೇಕು. ಹಕ್ಕಿಗಳು ಕೂರುವ ಮರಗಳ ಕೆಳಗೆ ಉದುರಿದ ಬೀಜದಿಂದ ಏಳುವ ಸಸಿಗಳನ್ನು ಮುಂದಿನ ಮಳೆಗಾಲಗಳಲ್ಲೂ ಕೀಳುತ್ತಿರಬೇಕು, ಖಾಲಿಯಾದ ನೆಲಕ್ಕೆ ಸ್ಥಳೀಯ ಹುಲ್ಲು ಬರಿಸಬೇಕು. ಮಚ್ಚಿನಲ್ಲಿ ಸವರಿದರೆ ಬುಡದಿಂದ ಹತ್ತಾರು ಚಿಗುರು ಏಳುತ್ತವೆ. ಜೆಸಿಬಿ ಹಾಕಿದರೆ ಮಣ್ಣು ಕದಡಿ, ಒಳಗಿದ್ದ ಬೀಜಕ್ಕೆ ಹಬ್ಬ.

ಕಾರ್ಬೆಟ್ ಎಲ್ಲಿ, ಚಾಮರಾಜನಗರ ಎಲ್ಲಿ ಎಂದು ಕೇಳುವುದು ಸರಿ. ಗಿಡದ ಸ್ವಭಾವ ದೂರ ಪಯಣಿಸುತ್ತದೆ, ಜಾಗದ ಪ್ರತಿಕ್ರಿಯೆ ಪಯಣಿಸುವುದಿಲ್ಲ. ಲಂಟಾನ ಎಲ್ಲಿಂದ ಚಿಗುರುತ್ತದೆ ಎಂಬುದು ಅಲ್ಲೂ ಇಲ್ಲೂ ಒಂದೇ, ಹಾಗಾಗಿ ಬೇರು ಕತ್ತರಿಸುವ ಅಳತೆಯನ್ನು ಧೈರ್ಯವಾಗಿ ತರಬಹುದು. ಕಿತ್ತ ಮೇಲೆ ಯಾವ ಹುಲ್ಲು ಬರುತ್ತದೆ, ಎಷ್ಟು ಬೇಗ, ಜಿಂಕೆ ಮೇಯ್ದು ಮುಗಿಸುತ್ತದೆಯೇ ಎಂಬುದು ಇಲ್ಲಿನ ಮಳೆ, ಮಣ್ಣು, ಪ್ರಾಣಿಗಳ ಮೇಲೆ ನಿಂತಿದೆ. ಅದಕ್ಕೆ ಬಂಡೀಪುರಕ್ಕೆ ಅಂಟಿಕೊಂಡ ತಮಿಳುನಾಡಿನ ಮುದುಮಲೈನಂಥ ಹತ್ತಿರದ ಜಾಗದ ಅಂಕಿ ನೋಡಬೇಕು. ಅಲ್ಲಿ 1988ರಿಂದ 50 ಹೆಕ್ಟೇರ್‌ನ ಒಂದು ಪ್ಲಾಟಿನಲ್ಲಿ 1 ಸೆಂಟಿಮೀಟರಿಗಿಂತ ದಪ್ಪದ ಪ್ರತಿ ಕಾಂಡದ ಲೆಕ್ಕ ಇಟ್ಟಿದ್ದಾರೆ. ಕಾಲದ ದೃಷ್ಟಿಯಿಂದ ಇದಕ್ಕೆ ಸಾಟಿ ಕಡಿಮೆ. ಆದರೆ ಎಷ್ಟೇ ದೊಡ್ಡದಾದರೂ ಅದು ಒಂದೇ ಜಾಗ ಎಂಬುದನ್ನು ಮರೆಯಬಾರದು.

ಸ್ಥಳೀಯರ ತಿಳಿವಳಿಕೆಯನ್ನೂ ಇದೇ ಜರಡಿಯಲ್ಲಿ ಹಿಡಿಯಬೇಕು, ಅದರಿಂದ ಅದಕ್ಕೆ ಬೆಲೆ ಹೆಚ್ಚುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಏರುವ ಮೊದಲೇ ಹಾಕುತ್ತಿದ್ದ ತಣ್ಣನೆಯ 'ತರಗು ಬೆಂಕಿ' ಲಂಟಾನವನ್ನು ಹದ್ದುಬಸ್ತಿನಲ್ಲಿಟ್ಟಿತ್ತು, ಬೆಂಕಿ ನಿಂತ ಮೇಲೆ ಅದು ಹಬ್ಬಿತು ಎನ್ನುತ್ತಾರೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅಲ್ಲಿ ಬೆಂಕಿ ನಿಷಿದ್ಧ. 1997ರಲ್ಲಿ ಸಮೀಕ್ಷೆ ಮಾಡಿದ ಪ್ಲಾಟ್‌ಗಳನ್ನು 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಇದ್ದ ಪ್ಲಾಟ್‌ಗಳ ಪಾಲು ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಹಬ್ಬಿದ್ದು ನಿಜ ಎಂದು ಇದು ತೋರಿಸುತ್ತದೆ, ಬೆಂಕಿ ನಿಂತದ್ದೇ ಕಾರಣ ಎಂದು ಇದೊಂದೇ ಹೇಳುವುದಿಲ್ಲ. ಇನ್ನೊಂದು ವಾದದ ಪ್ರಕಾರ ಲಂಟಾನ ದಟ್ಟವಾದ ಮೇಲೆ ಬಿದ್ದ ಬೆಂಕಿ ಉಗ್ರವಾಗಿ, ಇನ್ನಷ್ಟು ಲಂಟಾನಕ್ಕೆ ದಾರಿ ಮಾಡುತ್ತದೆ. ಎರಡೂ ಒಟ್ಟಿಗೇ ನಿಜವಿರಬಹುದು: ಲಂಟಾನ ಬರುವ ಮೊದಲಿನ ಬೆಂಕಿ ಬೇರೆ, ತುಂಬಿದ ಮೇಲಿನ ಬೆಂಕಿ ಬೇರೆ. ಆದ್ದರಿಂದ ಸೋಲಿಗ ಹಿರಿಯರನ್ನು ಕೇಳುವಾಗ 'ಬೆಂಕಿ ಒಳ್ಳೆಯದೇ' ಎಂದು ಕೇಳಬೇಡಿ. ಯಾವ ತಿಂಗಳು, ಯಾವ ಜಾಗ, ಎಷ್ಟು ವರ್ಷಕ್ಕೊಮ್ಮೆ, ತರಗು ಎಷ್ಟು ಒಣಗಿರುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿರುವುದರಿಂದ ಅವರನ್ನು ಕೇಳುವುದು ಉಪಚಾರದ ಮಾತೂ ಅಲ್ಲ.

ಅಂಕಿಯ ಬೆನ್ನಿಗಿರುವುದು

ಸಂಖ್ಯೆಯೊಂದಿಗೆ ಅದರ ವ್ಯಾಪ್ತಿ ಮತ್ತು ವಿಧಾನವನ್ನು ಹೊತ್ತು ತರಬೇಕು. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಅಂದಾಜು 6,395. 2025ರ ಅಕ್ಟೋಬರ್‌ನಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯ ವರದಿಯಲ್ಲಿ 6,013. 'ಎರಡೇ ವರ್ಷದಲ್ಲಿ 382 ಆನೆ ಮಾಯ' ಎಂದು ಟಿಪ್ಪಣಿ ಬರೆದರೆ ಎರಡು ತಪ್ಪಾಗುತ್ತದೆ. 2023ರ ಅಂಕಿ ಕಾಡನ್ನು ತುಂಡುಗಳಾಗಿಸಿ ಕಣ್ಣಾರೆ ಎಣಿಸುವ ಬ್ಲಾಕ್ ಎಣಿಕೆ, ಲದ್ದಿ ಎಣಿಕೆಯಿಂದ ಬಂದದ್ದು, 2025ರದ್ದು ಲದ್ದಿಯ ಡಿಎನ್‌ಎಯಿಂದ. ಇವನ್ನು ಪಕ್ಕಪಕ್ಕ ಇಟ್ಟು ಕಳೆಯುವಂತಿಲ್ಲ. ಮೇಲಾಗಿ 2023ರ ಅಂದಾಜಿನ ವ್ಯಾಪ್ತಿಯೇ 5,914ರಿಂದ 6,877, 6,013 ಅದರೊಳಗೇ ಬೀಳುತ್ತದೆ.

ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಯಲ್ಲಿ 'ಅರಣ್ಯ ಹೊದಿಕೆ' ಎಂದರೆ 1 ಹೆಕ್ಟೇರ್ ಅಥವಾ ಹೆಚ್ಚಿನ ಜಾಗದಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ಮರದ ನೆರಳು, ನೆಲ ಯಾರದ್ದೇ ಆಗಿರಲಿ. ಕೊಡಗಿನ ಕಾಫಿ ತೋಟವೂ ಅದರಲ್ಲಿ ಸೇರುತ್ತದೆ. ಜಿಲ್ಲೆಯ ಹೊದಿಕೆ ಏರಿದೆ ಎಂದು ನಿಮ್ಮ ಮೀಸಲು ಅರಣ್ಯ ಚೇತರಿಸಿದೆ ಎನ್ನಲಾಗದು.

ಬೆಂಕಿ ಎಚ್ಚರಿಕೆಯ ಕಥೆಯೂ ಇಷ್ಟೇ. ವಿಐಐಆರ್‌ಎಸ್ ಉಪಗ್ರಹ ಸಂವೇದಕದ ಒಂದು ಚುಕ್ಕಿ 375 ಮೀಟರ್ ಚೌಕದ ನಡುಬಿಂದು, ಎಂದರೆ ಬೆಂಕಿ ಆ 14 ಹೆಕ್ಟೇರ್‌ನಲ್ಲಿ ಎಲ್ಲೋ ಒಂದು ಕಡೆ. ಇನ್ನೊಂದು ಸಂವೇದಕ ಮೋಡಿಸ್ ಆದರೆ 100 ಹೆಕ್ಟೇರ್. ಚುಕ್ಕಿಗಳನ್ನು 14ರಿಂದ ಗುಣಿಸಿ ಸುಟ್ಟ ವಿಸ್ತೀರ್ಣ ಬರೆಯುವುದು ತಪ್ಪು. ಒಂದೇ ಬೆಂಕಿ ಹತ್ತು ಚುಕ್ಕಿ ಕೊಡಬಹುದು, ಎರಡು ಹಾಯ್ದಾಟದ ನಡುವೆ ಹೊತ್ತಿ ಆರಿದ್ದು ಒಂದನ್ನೂ ಕೊಡದಿರಬಹುದು. ಸುಟ್ಟ ಜಾಗಕ್ಕೆ ನಂತರದ ಉಪಗ್ರಹ ಚಿತ್ರ, ಜೊತೆಗೆ ಗಸ್ತಿನವರು ಜಿಪಿಎಸ್ ಹಿಡಿದು ಅಂಚು ನಡೆದು ತಂದ ಗೆರೆ ಬೇಕು.

ನಕ್ಷೆಯ ಅಳತೆಯೂ ತೀರ್ಮಾನದ ಅಳತೆಯೂ ಹೊಂದಬೇಕು. ಪಶ್ಚಿಮ ಘಟ್ಟದ ಬಗ್ಗೆ 2011ರ ಗಾಡ್ಗೀಳ್ ಸಮಿತಿ ಸುಮಾರು 9 ಕಿಲೋಮೀಟರ್ ಚೌಕಗಳಲ್ಲಿ ಯೋಚಿಸಿತು, 2013ರ ಕಸ್ತೂರಿರಂಗನ್ ಸಮಿತಿ 24 ಮೀಟರ್ ಚಿತ್ರ ಹಿಡಿದು ಹಳ್ಳಿಯನ್ನು ಘಟಕ ಮಾಡಿತು. ಅದೇ ಬೆಟ್ಟ, ಬೇರೆ ಗೆರೆ. 9 ಕಿಲೋಮೀಟರಿನ ಚೌಕದಿಂದ ಒಂದು ಸರ್ವೆ ನಂಬರಿನ ಹಣೆಬರಹ ಓದಲಾಗದು.

ಟಿಪ್ಪಣಿಯ ಮೂರು ಸಾಲು

ಕಡತದಲ್ಲಿ 'ಲಂಟಾನ ನಿರ್ಮೂಲನೆಯಿಂದ ಜೀವವೈವಿಧ್ಯ ಹೆಚ್ಚುವುದು ವೈಜ್ಞಾನಿಕವಾಗಿ ದೃಢಪಟ್ಟಿದೆ' ಎಂದು ಬರೆಯುವ ಬದಲು ಹೀಗೆ ಬರೆಯಬಹುದು:

'ಬುಡದ ಬೇರು ಕತ್ತರಿಸುವ ವಿಧಾನದಿಂದ ಮರುಚಿಗುರು ತಡೆಯಬಹುದೆಂದು ಕಾರ್ಬೆಟ್‌ನ ಅಧ್ಯಯನ ತೋರಿಸಿದೆ, ಗಿಡ ಒಂದೇ ಆದ್ದರಿಂದ ಇಲ್ಲಿಗೂ ಅನ್ವಯಿಸಬಹುದು. ಕಿತ್ತ ನಂತರ ಸ್ಥಳೀಯ ಹುಲ್ಲು ಎಷ್ಟು ಬರುವುದೆಂದು ಈ ವಲಯದಲ್ಲಿ ಅಳತೆ ಇಲ್ಲ. ಆದ್ದರಿಂದ 50 ಹೆಕ್ಟೇರ್‌ನಲ್ಲಿ ಕಾಮಗಾರಿ, ಪಕ್ಕದ 5 ಹೆಕ್ಟೇರ್ ಕೀಳದೆ ಹೋಲಿಕೆಗೆ, ಎರಡನೇ ಮತ್ತು ಮೂರನೇ ವರ್ಷದ ಕಳೆ ತೆಗೆಯುವ ವೆಚ್ಚವನ್ನು ಈಗಲೇ ಸೇರಿಸಿ ಪ್ರಸ್ತಾವ.'

ಗೊತ್ತಿರುವುದು, ಗೊತ್ತಿಲ್ಲದ್ದು, ಅದಕ್ಕೆ ಏನು ಮಾಡುತ್ತೇವೆ. ಅನಿಶ್ಚಿತತೆ ಬರೆದರೆ ಪ್ರಸ್ತಾವ ವಾಪಸ್ ಬರುತ್ತದೆ ಎಂಬ ಅಂಜಿಕೆ ಇದ್ದದ್ದೇ. ಆದರೆ ಎರಡನೇ ವರ್ಷ ಹಣ ಬರದೆ ಲಂಟಾನ ಮತ್ತೆ ಎದ್ದಾಗ ಈ ಸಾಲೇ ಕಾಪಾಡುತ್ತದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದೊಳಗಾದರೆ ಇನ್ನೊಂದು ಸಾಲು ಬೇಕು: ಸತ್ತ ಮರ, ಹುಲ್ಲು ಇತ್ಯಾದಿ ಹೊರತೆಗೆಯುವುದನ್ನು ತಡೆದ ಸುಪ್ರೀಂ ಕೋರ್ಟಿನ 2000ರ ಫೆಬ್ರವರಿ 14ರ ಆದೇಶ, ಅನುಮೋದಿತ ನಿರ್ವಹಣಾ ಯೋಜನೆಯಲ್ಲಿ ಈ ಕೆಲಸ ಇರುವ ಪುಟ. ವಿಜ್ಞಾನ ಎಷ್ಟೇ ಗಟ್ಟಿಯಿದ್ದರೂ ಈ ಸಾಲಿಲ್ಲದ ಕಡತ ನಿಲ್ಲುವುದಿಲ್ಲ.

ಅಳೆಯುವುದು

ಕಿತ್ತ ಜಾಗದಲ್ಲಿ 15, ಕೀಳದ ಜಾಗದಲ್ಲಿ 15, ಒಟ್ಟು 30 ಪ್ಲಾಟ್, ಪ್ರತಿಯೊಂದೂ 10 ಮೀಟರ್ ಚೌಕ, ನಾಲ್ಕು ಮೂಲೆಯಲ್ಲಿ 1 ಮೀಟರಿನ ಚಿಕ್ಕ ಚೌಕ. ದೊಡ್ಡದರಲ್ಲಿ ಮರುಚಿಗುರಿದ ಲಂಟಾನ ಬುಡಗಳು ಮತ್ತು ಮರದ ಸಸಿಗಳ ಎಣಿಕೆ, ಚಿಕ್ಕದರಲ್ಲಿ ಲಂಟಾನದ ಮೊಳಕೆ ಮತ್ತು ಹುಲ್ಲು ಮುಚ್ಚಿದ ಶೇಕಡಾವಾರು. ಜಾಗ ಆರಿಸುವುದನ್ನು ಯಾರ ಕಣ್ಣಿಗೂ ಬಿಡಬೇಡಿ. ಬಿಟ್ಟರೆ ಎಲ್ಲ ಪ್ಲಾಟ್‌ಗಳೂ ಜೀಪು ದಾರಿಯ ಪಕ್ಕದಲ್ಲೇ ಬೀಳುತ್ತವೆ, ಲಂಟಾನ ದಟ್ಟವಿರುವುದೂ ಅಲ್ಲೇ. ನಕ್ಷೆಯ ಮೇಲೆ ಚೌಕ ಎಳೆದು ನಂಬರು ಹಾಕಿ ಚೀಟಿ ಎತ್ತಿ.

ಕೀಳುವ ಮೊದಲು ಒಮ್ಮೆ, ಆಮೇಲೆ ಮೂರು ವರ್ಷ ಅದೇ ತಿಂಗಳಲ್ಲಿ ಅಳೆಯಿರಿ, ನವೆಂಬರ್ ಅನುಕೂಲ. ಒಂದು ವರ್ಷ ನವೆಂಬರ್, ಇನ್ನೊಂದು ವರ್ಷ ಮಾರ್ಚ್ ಎಂದಾದರೆ ಸಿಗುವುದು ಋತುವಿನ ಅಳತೆಯೇ ಹೊರತು ಕಾಮಗಾರಿಯದ್ದಲ್ಲ. ಈಶಾನ್ಯ ಮೂಲೆಯಲ್ಲಿ ಕಲ್ಲು ನೆಟ್ಟು, ಅಲ್ಲಿಂದ ನೈಋತ್ಯಕ್ಕೆ ಮುಖ ಮಾಡಿ ಪ್ರತಿ ಸಲ ಒಂದು ಫೋಟೊ. ಬಣ್ಣ ಬಳಿದ ಕಲ್ಲು ಸಾಲದು, ಆನೆ ಉರುಳಿಸುತ್ತದೆ, ಜಿಪಿಎಸ್ ಬಿಂದುವೂ ಬೇಕು. ನೋಡುವ ಗಸ್ತು ಅರಣ್ಯ ಪಾಲಕರು ಬದಲಾದಾಗ ಹಳಬರು ಹೊಸಬರು ಒಟ್ಟಿಗೆ ನಿಂತು ಮೂರು ಪ್ಲಾಟ್ ಅಳೆದು ಹೋಲಿಸಲಿ, ಹುಲ್ಲಿನ ಶೇಕಡಾವಾರು ಒಬ್ಬರ ಕಣ್ಣಿಗೆ 40, ಇನ್ನೊಬ್ಬರ ಕಣ್ಣಿಗೆ 60.

ಅಳತೆಯ ಹಾಳೆಯ ಮೂರು ಪ್ರತಿ ಮಾಡಿ: ಒಂದು ಕಂಪಾರ್ಟ್‌ಮೆಂಟ್ ಇತಿಹಾಸದ ಕಡತಕ್ಕೆ, ಒಂದು ಸಂಶೋಧನಾ ವಿಭಾಗಕ್ಕೆ, ಒಂದು ವಲಯ ಕಚೇರಿಗೆ. ವರ್ಗಾವಣೆಯ ದಿನ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಜೀಪು, ಬಂದೂಕು, ವೈರ್‌ಲೆಸ್ ಸೆಟ್ಟಿನ ಜೊತೆಗೆ 'ಲಂಟಾನ ಪ್ಲಾಟ್ 30, ಮುಂದಿನ ಅಳತೆ ನವೆಂಬರ್' ಎಂದೂ ಬರೆಸಿ ಸಹಿ ಹಾಕಿಸಿ.